ಅಳಿಯ ಕೇಳಿದ ಬೈಪಾಡ್

ಮೊದಲ ದೀಪಾವಳಿಗೆ ಅಳಿಯ ಏನು ಕೇಳಿದರೂ ಇಲ್ಲ ಎನ್ನಬಾರದು. ಇದು ನಮ್ಮ ಮನೆಯ ಪದ್ಧತಿ. ನಾನೂ ಒಂದು ಕಾಲಕ್ಕೆ ಗದಗಿನಲ್ಲಿ ಹೊಸ ಅಳಿಯನಾಗಿ ಮಣೆಯ ಮೇಲೆ ಕೂತು ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಕೇಳಿದ್ದೆ. ಅದು ಏನು ಎಂದು ಗೊತ್ತಿಲ್ಲದಿದ್ದರೂ ಮಾವನವರು ಮುಂಬೈಯಿಂದ ತರಿಸಿಕೊಟ್ಟಿದ್ದರು. ಹಾಗಾಗಿ ಈ ವರ್ಷ ನನ್ನ ತಾಯಿ ಬಂಗಾರೆವ್ವ ಅಳಿಯನ ಮಾತು ತೆಗೆದಾಗ ತಕರಾರು ಮಾಡಲು ನನಗೆ ಬಾಯಿ ಇರಲಿಲ್ಲ.

ಅವ್ವ ನಮ್ಮ ಜೊತೆ ಇಲ್ಲೇ ಅಮೆರಿಕದಲ್ಲಿ, ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ ಇರುತ್ತಾಳೆ. ಮಗಳು ನಿವೇದಿತಾ, ಅಳಿಯ ಕುಶಲ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವ್ವ ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು ಐಪ್ಯಾಡಿನ ಮುಂದೆ ಕೂತು ನನ್ನಿಂದ ವಿಡಿಯೋ ಕಾಲ್ ಮಾಡಿಸಿದಳು.

“ಕುಶಲಪ್ಪಾ, ಹಬ್ಬಕ್ಕ ಏನ್ ಬೇಕೋ ಕೇಳಪಾ. ನಾಚಬ್ಯಾಡ. ನಮ್ಮ ಶಶಿಧರ ಕೊಡಸ್ತಾನ.”

ಅಳಿಯ ಪಕ್ಕಕ್ಕೆ ತಿರುಗಿ ನೋಡಿದ. ಪರದೆಯ ಅಂಚಿನಲ್ಲಿ ನಿವೇದಿತಾಳ ಮೊಣಕೈ ಮಾತ್ರ ಕಾಣುತ್ತಿತ್ತು.

“ಅಜ್ಜಿ, ಒಂದು ಬೈಪಾಡ್ ಬೇಕಿತ್ತು,” ಎಂದ. “ರೈಫಲ್ ಮುಂದೆ ಹಾಕೋದು. ಎರಡು ಕಾಲಿರುತ್ತೆ. ಬೇಟೆಗೆ ಹೋದಾಗ ಗುರಿ ಅಲ್ಲಾಡಬಾರದು ಅಂತ.”

ಅವ್ವನಿಗೆ ಒಂದೂ ತಿಳಿಯಲಿಲ್ಲ. “ಆತ್ ಬಿಡಪಾ, ಆತು,” ಎಂದು ಎರಡೂ ಕೈ ಎತ್ತಿ ಹರಸಿಬಿಟ್ಟಳು. ನನಗೆ ತಿಳಿಯಿತು, ಅದೇ ತೊಂದರೆಯಾಯಿತು.

ನಮ್ಮದು ಕೇಕು ಕೊಳ್ಳುವಾಗಲೂ ಮೊಟ್ಟೆ ಬಿದ್ದಿದೆಯೇ ಎಂದು ಡಬ್ಬಿ ತಿರುವಿ ಓದುವ ಮನೆ. ಕುಶಲ್ ಮೈಸೂರಿನ ಹುಡುಗ. ಅವರ ಮನೆಯಲ್ಲಿ ಭಾನುವಾರವೆಂದರೆ ಕೋಳಿ ಸಾರು. ಅದು ಗೊತ್ತಿದ್ದೇ ಮದುವೆಗೆ ಒಪ್ಪಿದ್ದೆ. ಆದರೆ ಅಂಗಡಿಯಿಂದ ಕೋಳಿ ತಂದು ತಿನ್ನುವುದು ಬೇರೆ, ಬಂದೂಕು ಹಿಡಿದು ಗುಡ್ಡ ಹತ್ತುವುದು ಬೇರೆ. ಈಗ ಆ ಬಂದೂಕಿಗೆ ಆಸರೆಯನ್ನು ಮಾವನೇ ಕೊಡಿಸಬೇಕಂತೆ!

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಮದುವೆಗೆ ಮೊದಲು ನಿವೇದಿತಾ ಪ್ರತಿ ಶನಿವಾರ ಮನೆಗೆ ಬರುತ್ತಿದ್ದಳು. ಅಜ್ಜಿ ಬಡಿದ ರೊಟ್ಟಿ, ಎಣಗಾಯಿ ತಿಂದು ಸೋಫಾದ ಮೇಲೆ ಮಲಗಿ ನಿದ್ದೆ ಹೊಡೆದು ಸಂಜೆ ಹೊರಡುತ್ತಿದ್ದಳು. ಮದುವೆಯಾದ ಮೇಲೆ ಅದು ನಿಂತೇಹೋಯಿತು. ಫೋನ್ ಮಾಡಿದರೆ “ಈ ವೀಕೆಂಡ್ ಆಗಲ್ಲ ಅಪ್ಪಾ, ಸ್ವಲ್ಪ ಬ್ಯುಸಿ” ಎನ್ನುತ್ತಿದ್ದಳು. ಏನು ಬ್ಯುಸಿ ಎಂದರೆ ಮಾತು ಮರೆಸುತ್ತಿದ್ದಳು. ಈಗ ಗೊತ್ತಾಯಿತಲ್ಲ! ಇವನು ಶನಿವಾರ ಬೇಟೆಗೆ ಹೊರಡುತ್ತಾನೆ, ಪಾಪ ನನ್ನ ಮಗಳನ್ನೂ ಎಳೆದುಕೊಂಡು ಹೋಗುತ್ತಾನೆ. ಅವಳು ಅಲ್ಲಿ ಯಾವುದೋ ಮರದಡಿ ಕೂತು ಸೊಳ್ಳೆ ಹೊಡೆಯುತ್ತಿರಬೇಕು.

ನನಗೆ ಬೇಕಾಗಿದ್ದದ್ದು ಇಷ್ಟೇ, ಮಗಳು ಮೊದಲಿನಂತೆ ಮನೆಗೆ ಬರಬೇಕು. ಅಳಿಯನನ್ನು ಸಂತೋಷಪಡಿಸಿದರೆ ಒಂದೆರಡು ಶನಿವಾರವಾದರೂ ಬಿಟ್ಟುಕೊಟ್ಟಾನು ಎಂಬ ಆಸೆಯಿಂದ ಬೈಪಾಡ್ ಹುಡುಕಲು ಕೂತೆ.

ನಾನು ಚಿಪ್ ಡಿಸೈನ್ ಮಾಡುವ ಎಂಜಿನಿಯರು. ರೈಸ್ ಕುಕ್ಕರ್ ಕೊಳ್ಳುವುದಕ್ಕೂ ತಿಂಗಳುಗಟ್ಟಲೆ ರಿವ್ಯೂ ಓದುವ ಜಾತಿ. ಆದರೆ ಈ ಎರಡು ಕಾಲಿನ ವಸ್ತು ನನ್ನ ತಲೆಯನ್ನು ಪೂರ್ತಿ ಕೆಡಿಸಿಬಿಟ್ಟಿತು. ಗಿಡ್ಡ ಕಾಲಿನದು, ಉದ್ದ ಕಾಲಿನದು, ಕಾಲು ಎಳೆದರೆ ಟಕ್ ಟಕ್ ಎಂದು ಹಂತಹಂತವಾಗಿ ನಿಲ್ಲುವುದು, ತಿರುವಿ ಬಿಗಿ ಮಾಡುವುದು, ಓರೆ ನೆಲದಲ್ಲಿ ವಾಲುವುದು, ವಾಲದೇ ಇರುವುದು. ಒಬ್ಬ ಹಗುರವಾದದ್ದೇ ಸರಿ ಎಂದರೆ ಇನ್ನೊಬ್ಬ ಹಗುರವಾದದ್ದು ದಂಡ ಎನ್ನುತ್ತಾನೆ. ಆಫೀಸಿನ ಮೀಟಿಂಗಿನಲ್ಲೂ ಕಾಲುಗಳೇ ಕಣ್ಣ ಮುಂದೆ ಬರತೊಡಗಿದವು. ಕೊನೆಗೆ ಅಂಗಡಿಗೇ ಹೋಗಿ ಕೇಳುವುದು ಮೇಲೆಂದು ಹೆಂಡತಿ ಪ್ರಭಾಳನ್ನು ಕರೆದುಕೊಂಡು ಹೊರಟೆ.

ಬಂದೂಕಿನ ಅಂಗಡಿ ಫ್ರೀವೇ ಪಕ್ಕದಲ್ಲಿತ್ತು. ಒಂದು ಬದಿಗೆ ಡೋನಟ್ ಮಾರುವವನು, ಇನ್ನೊಂದು ಬದಿಗೆ ಹಲ್ಲಿನ ಡಾಕ್ಟರು. ಪ್ರಭಾ ಬೋರ್ಡು ನೋಡಿ ಸೀಟ್‌ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ನಾ ಅಂತೂ ಅದರಾಗ ಕಾಲ ಇಡಂಗಿಲ್ಲ. ನೀವ ಹೋಗಿ ಬರ್ರಿ.”

ಹಣೆಯ ಮೇಲಿನ ವಿಭೂತಿ ಒರೆಸಿಕೊಳ್ಳಲೇ ಎಂದು ಬಾಗಿಲಲ್ಲಿ ಒಂದು ಕ್ಷಣ ಯೋಚಿಸಿದೆ. ಆಮೇಲೆ ಇರಲಿ ಬಿಡು ಎಂದು ಒಳಗೆ ಹೋದೆ. ಗೋಡೆಯ ಮೇಲೆ ಕೋರೆಹಲ್ಲಿನ ಕಾಡುಹಂದಿಯ ತಲೆಯೊಂದು ನೇರ ನನ್ನನ್ನೇ ನೋಡುತ್ತಿತ್ತು. ನಮ್ಮ ಎವರ್‌ಗ್ರೀನಿನ ಗುಡ್ಡದಂಚಿನ ಮನೆಗಳ ಲಾನ್ ಕಿತ್ತು ಹಾಕುವುದು ಇದೇ ಜಾತಿ.

ಗಡ್ಡದ ಅಂಗಡಿಯವನು ಒಳ್ಳೆಯ ಮನುಷ್ಯ, ನಗುತ್ತಲೇ ಪ್ರಶ್ನೆ ಶುರುಮಾಡಿದ. ಹೊಡೆಯುವವರು ಮಲಗಿ ಹೊಡೆಯುತ್ತಾರೋ, ಕೂತು ಹೊಡೆಯುತ್ತಾರೋ? ಎತ್ತರ ಎಷ್ಟು? ಎಡಗೈಯೋ, ಬಲಗೈಯೋ? ಬೈಪಾಡ್ ಕೂರಿಸಲು ರೈಫಲಿನ ಮುಂಭಾಗದಲ್ಲಿ ಬೆಲ್ಟು ಸಿಕ್ಕಿಸುವ ಗುಂಡಿ ಇದೆಯೋ, ಉದ್ದ ಪಟ್ಟಿ ಇದೆಯೋ? ನಾನು ಒಂದಕ್ಕೂ ಉತ್ತರ ಕೊಡಲಾರದೆ ಹಂದಿಯ ಮುಖ ನೋಡಿದೆ. ಅಳಿಯ ಊಟಕ್ಕೆ ಕೂತದ್ದು ಬಿಟ್ಟರೆ ಇನ್ನೇನಕ್ಕೆ ಕೂತದ್ದನ್ನೂ ನಾನು ನೋಡಿರಲಿಲ್ಲ.

ಮೂಲೆಗೆ ಹೋಗಿ ಕುಶಲ್‌ಗೆ ಫೋನ್ ಮಾಡಿದೆ.

“ಏನಪಾ, ನೀ ಮಲಗಿ ಹೊಡಿತಿಯೋ, ಕುಂತ್ ಹೊಡಿತಿಯೋ?”



“ಮಾವ,” ಎಂದ, “ಅದು ನನಗಲ್ಲ.”

“ಮತ್ತ ಯಾರಿಗಿ?”

“ನಿವೇದಿತಾಗೆ.”

ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡೆ. ಆಗಲೂ ಅರ್ಥವಾಗಲಿಲ್ಲ.

“ಹೋದ ವರ್ಷ ಆಫೀಸಿನ ಫ್ರೆಂಡ್ ಜೊತೆ ಬೇಟೆಗೆ ಹೋಗಿದ್ಲು ಮಾವ. ಆಮೇಲೆ ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡ್ಲು. ಈಗ ಪ್ರತಿ ಶನಿವಾರ ಹಾಲಿಸ್ಟರ್ ಕಡೆ ಒಂದು ರ‍್ಯಾಂಚಿಗೆ ಹೋಗ್ತೀವಿ. ಅಲ್ಲಿ ಹಂದಿ ಕಾಟ. ನಂಗೆ ರಕ್ತ ನೋಡಿದ್ರೆ ತಲೆ ಸುತ್ತುತ್ತೆ. ನಾನು ಕಾರಲ್ಲೇ ಪುಸ್ತಕ ಓದ್ಕೊಂಡು ಕೂತಿರ್ತೀನಿ.”

“ಹೊಡದಿದ್ದನ್ನ ಏನ್ ಮಾಡ್ತಾಳ?”

“ಅಡುಗೆ ಮಾಡ್ತಾಳೆ. ಅವಳೇ ತಿಂತಾಳೆ. ನಾನು ಮದುವೆ ಆದ್ಮೇಲೆ ಮಾಂಸ ಬಿಟ್ಬಿಟ್ಟೆ ಮಾವ. ಅಜ್ಜಿಗೆ ಮಾತು ಕೊಟ್ಟಿದ್ದೆ.”

ಕೋಳಿ ತಿನ್ನುವ ಮನೆಯ ಹುಡುಗ ಸೊಪ್ಪು ತಿನ್ನುತ್ತಿದ್ದಾನೆ, ಸೊಪ್ಪು ತಿನ್ನುವ ಮನೆಯ ಹುಡುಗಿ ಹಂದಿ ಹೊಡೆಯುತ್ತಿದ್ದಾಳೆ. ಯಾರ ಮೇಲೆ ಸಿಟ್ಟಾಗಬೇಕೆಂದೇ ತೋಚಲಿಲ್ಲ.

“ಹಂಗಾದ್ರ ನೀ ಯಾಕ ಕೇಳಿದಿ? ಅಕಿನ ಕೇಳಬೇಕಿತ್ತು.”

“ಅವಳೇ ನನ್ನ ಕೈಲಿ ಕೇಳಿಸಿದ್ದು. ಮಗಳು ಕೇಳಿದ್ರೆ ಅಪ್ಪ ಇಲ್ಲ ಅಂತಾರೆ, ಅಳಿಯ ಕೇಳಿದ್ರೆ ಅನ್ನೋ ಹಾಗಿಲ್ಲ ಅಂದ್ಲು. ನಿಮಗೆ ಬೇರೆ ಹೇಗೆ ಹೇಳೋದು ಅಂತ ಅವಳಿಗೆ ಗೊತ್ತಾಗ್ಲಿಲ್ಲ ಮಾವ. ವೀಕೆಂಡ್ ಮನೆಗೆ ಬಂದ್ರೆ ನೀವು ಕೇಳ್ತೀರ, ಸುಳ್ಳು ಹೇಳೋಕಾಗಲ್ಲ, ಅದಕ್ಕೇ ಬರೋದೇ ಬಿಟ್ಟಿದ್ಲು.”

ಫೋನ್ ಇಟ್ಟೆ. ಅಂಗಡಿಯವನಿಗೆ ಈಗ ಬಂದೆ ಎಂದು ಕೈಸನ್ನೆ ಮಾಡಿ ಹೊರಗೆ ಬಂದು ಕಾರಿನಲ್ಲಿ ಕೂತೆ. ಪ್ರಭಾಳಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಎಂಥ ಮಗಳನ್ನು ಬೆಳೆಸಿದೆವು, ಕೊರಳಲ್ಲಿ ಲಿಂಗ ಕಟ್ಟಿಸಿದ್ದು ಇದಕ್ಕಾಗಿಯೇ, ನಮ್ಮದೇ ಪದ್ಧತಿಯನ್ನು ನಮ್ಮ ಮೇಲೇ ತಿರುಗಿಸಿದಳಲ್ಲ ಎಂದೆಲ್ಲ ಕೂಗಾಡಿದೆ. ಕೂಗಾಡುತ್ತಿದ್ದರೂ ಒಳಗೆಲ್ಲೋ ಭಾರಿ ಜಾಣೆ ಎಂದು ಹೆಮ್ಮೆಯಾಗುತ್ತಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಪ್ರಭಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸೆರಗಿರಲಿಲ್ಲ, ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು.

“ಅಕಿ ಎಡಗೈಯಾಕಿ,” ಎಂದಳು. “ಅಂಗಡ್ಯಾವಗ ಅದನ್ನ ಹೇಳ್ರಿ.”

ನಾನು ಅವಳ ಮುಖ ನೋಡಿದೆ. ಅವಳು ತಿರುಗಲಿಲ್ಲ. ಕಾರು ಸ್ಟಾರ್ಟ್ ಮಾಡದೆ, ಇಳಿದು ಮತ್ತೆ ಒಳಗೆ ಹೋದೆ.

ಈ ಸಲ ಗುಂಡಿ, ಪಟ್ಟಿಯ ಪ್ರಶ್ನೆಯೊಂದು ಬಿಟ್ಟು ಉಳಿದ ಎಲ್ಲಕ್ಕೂ ನನ್ನಲ್ಲಿ ಉತ್ತರವಿತ್ತು. ಎಡಗೈ. ಎತ್ತರ ನನ್ನ ಕಿವಿಯ ತನಕ. ಕೂತು ಅಲ್ಲ, ಮಲಗಿಯೇ ಹೊಡೆಯುತ್ತಾಳೆ, ಖಂಡಿತ. ಶಾಲೆಯಲ್ಲಿದ್ದಾಗ ಅವಳಿಗೆ ಮೇಜು ಕುರ್ಚಿ ತಂದು ಕೊಟ್ಟಿದ್ದೆ. ಒಂದು ದಿನವೂ ಅದರ ಮೇಲೆ ಕೂರಲಿಲ್ಲ. ಕಾರ್ಪೆಟ್ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಎದೆ ಎತ್ತಿಯೇ ಎಲ್ಲ ಹೋಮ್‌ವರ್ಕ್ ಮಾಡಿದ್ದು. ಸೈಕಲ್ಲಿನಿಂದ ಬಿದ್ದ ಮೇಲೆ ಬಲ ಮೊಣಕೈ ಮೇಲೆ ಭಾರ ಹಾಕಿದರೆ ನೋವಾಗುತ್ತದೆ. ಹಾಗೆಂದು ಯಾರಿಗೂ ಹೇಳುವುದಿಲ್ಲ, ಸುಮ್ಮನೆ ಎಡಕ್ಕೆ ವಾಲುತ್ತಾಳೆ.

ಅಂಗಡಿಯವನು ಕೈಗೆತ್ತಿಕೊಂಡಿದ್ದ ಗಿಡ್ಡ ಕಾಲಿನದನ್ನು ಕೆಳಗಿಟ್ಟ. ನೆಲಕ್ಕೆ ಅಂಟಿ ಮಲಗುವವರಿಗೆ ಅದು, ಎದೆ ಎತ್ತುವವರಿಗೆ ನಡುವಿನ ಅಳತೆಯದು ಬೇಕು, ವಾಲುವವರಾದರೆ ಬೈಪಾಡಿನ ತಲೆಯೂ ಓರೆಯಾಗುವಂಥದು ಎಂದು ಒಂದನ್ನು ತೆಗೆದುಕೊಟ್ಟ. ಗುಂಡಿಗೂ ಪಟ್ಟಿಗೂ ಎರಡಕ್ಕೂ ಹಾಕುವ ಜೋಡಣೆ ಜೊತೆಗೇ ಇತ್ತು. ಅದನ್ನೇ ಕಟ್ಟಿಸಿಕೊಂಡೆ. ಸರಿಯಾದದ್ದನ್ನು ಕೊಂಡ ಸಮಾಧಾನವೋ, ಇದನ್ನು ಕೊಂಡೆನಲ್ಲ ಎಂಬ ಸಂಕಟವೋ, ದಾರಿಯುದ್ದಕ್ಕೂ ಬಗೆಹರಿಯಲಿಲ್ಲ.

ಪಾಡ್ಯದ ದಿನ ಇಬ್ಬರೂ ಬಂದರು. ನಿವೇದಿತಾ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಕುಶಲ್‌ನನ್ನು ಮಣೆಯ ಮೇಲೆ ಕೂರಿಸಿ ಅವ್ವ ಆರತಿ ಮಾಡಿದಳು. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಅಂಗಿ ಬಟ್ಟೆ, ನಡುವೆ ಆ ಕಪ್ಪು ಬೈಪಾಡ್. ಹೊಸ ಮಿಕ್ಸರ್ ಬಂದರೂ ವಿಭೂತಿ ಹಚ್ಚುವವಳು ಅವ್ವ. ಇದಕ್ಕೂ ಎರಡೂ ಕಾಲಿಗೆ ಮೂರು ಮೂರು ಬೆರಳು ಎಳೆದಳು.

“ಅಲ್ಲೋ ಶಶಿಧರ, ಎರಡ ಕಾಲ ಅದಾವು. ಮೂರನೇದ್ ಎಲ್ಲೆ ಹೋತು? ಹ್ಯಾಂಗ ನಿಲ್ಲತೈತಿ ಇದು?”

ಕುಶಲ್ ತೆಂಗಿನಕಾಯಿ ನೋಡುತ್ತಿದ್ದ.

“ಮೂರನೇದು ನಿನ್ನ ಮೊಮ್ಮಗಳ ಭುಜ ಅವ್ವಾ,” ಎಂದೆ. “ಬಂದೂಕ ಹಿಡಿಯಾಕಿ ಅಕಿ. ಅಂವ ಅಲ್ಲ.”

ಅವ್ವ ನನ್ನನ್ನು ನೋಡಿದಳು, ನಿವೇದಿತಾಳನ್ನು ನೋಡಿದಳು, ಕುಶಲ್‌ನನ್ನು ನೋಡಿದಳು. ಎಷ್ಟು ತಿಳಿಯಿತೋ ಶಿವನೇ ಬಲ್ಲ.

“ಹಂಗಾದ್ರ ಅಕಿ ಕೈಯಾಗ ಕೊಡು,” ಎಂದಳು. “ಅವನ ಮುಂದ ಯಾಕ ಇಟ್ಟೀರಿ?”

ನಾನೇ ಎತ್ತಿ ಮಗಳ ಕೈಗೆ ಕೊಟ್ಟೆ. ಅವಳು ಸೀರೆಯಲ್ಲೇ ಕಾರ್ಪೆಟ್ ಮೇಲೆ ಬೋರಲು ಮಲಗಿ, ಬೈಪಾಡಿನ ಕಾಲು ಬಿಚ್ಚಿ ಮುಂದಿಟ್ಟು, ಒಂದು ಕೈಯಲ್ಲಿ ಅದರ ತಲೆ ಹಿಡಿದು, ಇಲ್ಲದ ಬಂದೂಕನ್ನು ಭುಜಕ್ಕೆ ಒತ್ತಿಕೊಂಡಳು. ಎದೆ ಎತ್ತಿದಳು, ಎಡಕ್ಕೆ ಸ್ವಲ್ಪ ವಾಲಿದಳು. ಬೈಪಾಡಿನ ತಲೆಯೂ ಅವಳ ಜೊತೆಗೇ ವಾಲಿತು.

“ಪರ್ಫೆಕ್ಟ್ ಅಪ್ಪಾ. ಸೈಜು ಯಾರ್ ಹೇಳಿದ್ರು?”

“ನಿನ್ನ ಹೋಮ್‌ವರ್ಕ್ ಮುಂದ ದಿನಾ ಕುಂತಿರ್ತಿದ್ದಾಂವ ಯಾರು?”

ಅವಳು ಅಲ್ಲಿಯೇ ಮುಖವನ್ನು ಕಾರ್ಪೆಟ್ಟಿಗೆ ಒತ್ತಿ ಅತ್ತಳು. ಸಮಾಧಾನ ಮಾಡಬೇಕೋ, ಬೈಯಬೇಕೋ ನನಗೆ ಈಗಲೂ ತಿಳಿಯಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತೆ.

“ಶನಿವಾರ ನೀನೂ ಬರ್ತೀಯಾ ಅಪ್ಪಾ?” ಎಂದಳು, ಮುಖ ಎತ್ತದೆ.

“ಬರ್ತೀನಿ. ರೊಟ್ಟಿ ಬುತ್ತಿ ಕಟ್ಟಿಸಿಕೊಂಡ್ ಬರ್ತೀನಿ,” ಎಂದೆ. “ಆದ್ರ ಹೊಡಿಯೂಕಿಂತ ಮೊದಲ ನನಗ ಹೇಳು. ಕಣ್ಣ ಮುಚ್ಚಿಕೊಂತೀನಿ.”