ದುಡಿಮೆಯಿಲ್ಲದ ವರ್ಷ

ಹೇಳಿಕೆ ಟೈಪು ಮಾಡಿಕೊಳ್ಳುತ್ತಿದ್ದ ಬೆರಳಚ್ಚಿನ ಹೆಂಗಸಿನ ಕೈ ನಿಂತಿತು, ಆಗಲೇ ಲೀಲಂಡನಿಗೆ ಗೊತ್ತಾಗಿದ್ದು ಕೋಣೆಯಲ್ಲಿ ಇಷ್ಟು ಹೊತ್ತೂ ತಗಡಿನ ಮೇಲೆ ಹನಿ ಬಿದ್ದಂಥ ಸದ್ದು ಇತ್ತು ಅಂತ, ತಾನು ಬಾಯಿ ಬಿಟ್ಟರೆ ಆ ಸದ್ದು, ಮುಚ್ಚಿದರೆ ಇಲ್ಲ, ಈಗ ಎಲ್ಲರೂ ಕಾಯುತ್ತಿದ್ದಾರೆ, ಎದುರು ಪಕ್ಷದ ವಕೀಲ ಹೋಲ್‌ಬ್ರುಕ್ ಕನ್ನಡಕ ಹಣೆಗೇರಿಸಿ ಮತ್ತೆ ಕೇಳುತ್ತಾನೆ, ಎಷ್ಟು ಮೆತ್ತಗೆ, ಎಲ್ಲಿ ನೋವು ಅಂತ ಡಾಕ್ಟರು ಒತ್ತಿ ನೋಡಿದ ಹಾಗೆ — ಮಿಸ್ಟರ್ ವೆಲೆಟ್, ಹದಿನೆಂಟನೇ ವಯಸ್ಸಿನಿಂದ ನಿಮ್ಮ ಸಂಪಾದನೆ ನಮ್ಮ ಮುಂದಿದೆ, ಒಂದು ವರ್ಷಾನೂ ಬಿಡದೆ ದುಡಿದಿದ್ದೀರಿ, ಇದೊಂದು ವರ್ಷ ಮಾತ್ರ ಸೊನ್ನೆ, ಏನು ಮಾಡ್ತಿದ್ರಿ? ಮನೇಲಿದ್ದೆ. ಮನೇಲಿ ಏನು ಮಾಡ್ತಿದ್ರಿ? ಕುಡೀತಿದ್ನಾ ಅಂತ ಕೇಳಬೇಕು ಅವನಿಗೆ, ಕೇಳಲಿ, ಸೊಂಟದೊಳಗಿನ ಕಬ್ಬಿಣ ಈ ಕುರ್ಚಿಯಲ್ಲಿ ಕೂತು ಕೂತು ಉರಿಯುತ್ತಿದೆ, ಬ್ಯಾಂಗರ್ ಊರಿನ ಆ ಚರ್ಚಿನ ಮಾಡಿಗೆ ಹಂಚು ಹೊದಿಸುವಾಗ ಹತ್ತಿ ನಿಂತಿದ್ದ ಬಾಡಿಗೆ ಸಾರುವೆಯ ಒಂದು ಕಾಲು ಮುರಿಯಿತು, ಅಷ್ಟೆ, ಆಕಾಶ ಪಕ್ಕಕ್ಕೆ ಸರಿದು ಹೋಯಿತು, ಸಾರುವೆ ಕೊಟ್ಟವರ ಮೇಲೆ ಕೇಸು, ಬೀಳದೇ ಇದ್ದಿದ್ದರೆ ಮುಂದೆ ಎಷ್ಟು ದುಡಿಯುತ್ತಿದ್ದ ಅಂತ ತೋರಿಸಬೇಕಂತೆ, ಅದಕ್ಕೆ ಹಿಂದೆ ದುಡಿದದ್ದೆಲ್ಲ ಅಗೆದು ತೆಗೆಯಬೇಕಂತೆ, ಆಗ ಕೆಲಸ ಕೊಟ್ಟಿದ್ದ, ಈಗ ಸತ್ತಿರುವ ಡನ್‌ಬಾರ್‌ನ ಮನೆಯವರೆಗೂ ಹೋಗಿ ಹಳೇ ಸಂಬಳದ ಚೆಕ್ಕಿನ ತುಂಡು ಹುಡುಕಿ ತಂದಿದ್ದಾರೆ — ಡನ್‌ಬಾರ್, ಮುದುಕ, ಕೆಲಸ ಬಿಡುತ್ತೇನೆ ಅಂದ ದಿನ ಏಣಿ ಹಿಡಿದು ನಕ್ಕಿದ್ದ, ಏನಯ್ಯಾ ಲೀಲಂಡ್, ಹೆಂಡ್ತಿ ದುಡಿದು ತಂದುಹಾಕ್ತಾಳೆ, ನೀನು ಏಪ್ರನ್ ಕಟ್ಕೊಂಡು ಬೀನ್ಸ್ ಬೇಯಿಸ್ತೀಯಾ, ಆಮೇಲೆ ವಿಷಯ ತಿಳಿದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತೇಬಿಟ್ಟಿದ್ದ.

ಸ್ವಲ್ಪ ಬಿಡುವು ಕೊಡಿ ಅಂತ ತನ್ನ ವಕೀಲೆ ಪ್ರಿಸಿಲಾ ಎದ್ದಳು, ಅವಳು ಬೆಳಿಗ್ಗೆಯೇ ಅಂದಿದ್ದಳು, ಮಗು ವಿಷಯ ಹೇಳಿ ಲೀಲಂಡ್, ಎಂಥವರಿಗೂ ಕರುಳು ಚುರ್ ಅನ್ನತ್ತೆ, ಇವನು ಅಂದಿದ್ದ, ನನ್ನ ಮಾರ್ನೀನ ತಂದು ಇವರ ಮೇಜಿನ ಮೇಲೆ ಮಲಗಿಸಲ್ಲ ಮೇಡಂ, ಸಾರುವೆಗೂ ಅವಳಿಗೂ ಏನು ಸಂಬಂಧ, ಅವಳು ಹೋಗಿ ಎಷ್ಟು ಕಾಲವಾಯಿತು, ಮನೆಯಲ್ಲೇ ನಾವು ಅವಳ ಹೆಸರೆತ್ತುವುದಿಲ್ಲ — ಹೊರಗೆ ಕಾರಿಡಾರಿನಲ್ಲಿ ಹೆಂಡತಿ ಕೋರಾ ಗೋಡೆಗೊರಗಿ ನಿಂತಿದ್ದಾಳೆ, ಕಿವಿ ಮೇಲೆ ನರೆ, ಯಾವಾಗ ಬಂತೋ, ಯಾಕೋ ಸುಮ್ನಿದ್ದೀಯ ಅಂತಾಳೆ, ಹೇಳ್ಬಿಡು. ಬೇಡ ಕಣೇ. ನನಗೋಸ್ಕರ ಬೇಡ ಅಂತಿದ್ರೆ, ಹೇಳೇಬಿಡು ಅವರಿಗೆ, ನಾನೇನೂ ಒಡೆದು ಹೋಗಲ್ಲ, ಆ ವರ್ಷ ನಾನು ಶಾಲೆ ಅಡುಗೆಮನೇಲಿ ಊರಿನ ಮಕ್ಕಳಿಗೆಲ್ಲ ಬಡಿಸ್ತಿದ್ದೆ, ನನ್ನ ಮಗಳಿಗೆ ನೀನು ತಿನ್ನಿಸ್ತಿದ್ದೆ, ನನ್ನ ಕೆಲಸದಿಂದ ಬರೋ ಆರೋಗ್ಯ ವಿಮೆ ಇಲ್ದಿದ್ರೆ ಆಸ್ಪತ್ರೆಯೋರು ಒಳಗೇ ಸೇರಿಸ್ತಿರಲಿಲ್ಲ ಅಂತ ನೀನು ಕೆಲಸ ಬಿಟ್ಟೆ, ನಾನು ಬಿಡೋ ಹಾಗಿರಲಿಲ್ಲ, ನಿಂಗೆ ಸಿಕ್ಕ ವರ್ಷ ಕಣೋ ಅದು, ನಂಗೆ ಸಿಗಲಿಲ್ಲ, ಸೊನ್ನೆ ಅಂತ ಯಾರೂ ಅನ್ನೋದು ಬೇಡ. ಅವಳು ಅಳಲಿಲ್ಲ, ಅವನ ಕಾಲರ್ ಸರಿಮಾಡಿದಳು, ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಇದನ್ನು ಒಂದು ದಿನವೂ ಹೇಳಿರಲಿಲ್ಲ ಇವಳು, ಹೊಟ್ಟೆಕಿಚ್ಚು, ತನ್ನ ಮೇಲೆ, ಆ ವರ್ಷಕ್ಕೆ, ತನಗೆ ಹೊಳೆದೇ ಇರಲಿಲ್ಲ.

ಒಳಗೆ ಬಂದು ಮತ್ತೆ ಕೂತ, ಈ ಸಲ ಕೋರಾಳೂ ಬಂದು ಗೋಡೆ ಪಕ್ಕ ಕೂತಳು, ಮತ್ತೆ ಹನಿ ಬೀಳತೊಡಗಿತು, ನನ್ನ ಮಗಳು, ರಕ್ತದ ಕಾಯಿಲೆ, ನಾಲ್ಕು ತುಂಬಿತ್ತು, ಅವಳ ಜೊತೆಗಿದ್ದೆ, ಅಂದ, ಹೋಲ್‌ಬ್ರುಕ್ ಕನ್ನಡಕ ಇಳಿಸಿದ, ತುಂಬಾ ವಿಷಾದವಾಗತ್ತೆ, ನಿಜವಾಗಿಯೂ ಅಂದ, ನಿಜವಾಗಿಯೂ ಇರಬಹುದು, ಅವನ ಮನೆಯಲ್ಲೂ ಮಕ್ಕಳಿರಬಹುದು, ಆದರೂ ಅವನ ಕೆಲಸ ಅವನದು, ಅಂದ್ರೆ ಮಿಸ್ಟರ್ ವೆಲೆಟ್, ನಿಮ್ಮನ್ನ ಯಾರೂ ತೆಗೆದುಹಾಕಲಿಲ್ಲ, ಸ್ವಂತ ಇಷ್ಟದಿಂದ ಕೆಲಸ ಬಿಟ್ರಿ, ಹೌದಾ ಅಲ್ವಾ? ಮೇಜಿನ ಕೆಳಗೆ ಪ್ರಿಸಿಲಾಳ ಮೊಣಕಾಲು ತಾಗುತ್ತದೆ, ಬೇರೆ ದಾರಿ ಇರಲಿಲ್ಲ ಅಂತ ಹೇಳಬೇಕು, ಹಾಗೇ ಕಲಿಸಿದ್ದಳು, ಇಷ್ಟ ಅನ್ನುವ ಮಾತಿಗೆ ಒಪ್ಪಿದರೆ ಮುಂದೆಯೂ ಹೀಗೇ ಬಿಡುತ್ತಿದ್ದ ಅಂತ ಪರಿಹಾರದ ಹಣ ಕತ್ತರಿಸುತ್ತಾರೆ ಅಂತಲೇ ಲೆಕ್ಕ, ಬೇರೆ ದಾರಿ ಇರಲಿಲ್ಲ, ನಾಲಿಗೆ ತುದಿಯಲ್ಲೇ ಇದೆ, ಆದರೆ ಇತ್ತಲ್ಲ, ಕೋರಾಳ ಅಮ್ಮ ನಾನು ನೋಡ್ಕೋತೀನಿ ಅಂತ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದಳಲ್ಲ, ತಾನೇ ಕಳಿಸಿದ್ದ, ಬೇಡಮ್ಮ, ನಾನಿರ್ತೀನಿ, ಔಷಧಿ ಏರಿಸಿದ ದಿನ ಮಗಳಿಗೆ ಚಳಿ, ಜನವರಿಯ ಚಳಿಯಲ್ಲ, ಒಳಗಿನದು, ಎರಡು ಜೊತೆ ಉಣ್ಣೆಯ ಕಾಲುಚೀಲಕ್ಕೂ ಬಗ್ಗದ್ದು, ಅಪ್ಪ, ಅಂಗಿ ಎತ್ತು, ಎತ್ತಿದರೆ ಎರಡೂ ಪಾದ ತಂದು ಅವನ ಹೊಟ್ಟೆಯ ಮೇಲೆ ಇಡುವಳು, ಅವನು ಹಾ ಅಂತ ಕೂಗಬೇಕು, ಅವಳು ನಗಬೇಕು, ಆಮೇಲೆ ನಗುವುದಕ್ಕೂ ಕಸುವಿರಲಿಲ್ಲ, ಪಾದ ಮಾತ್ರ ಇಡುವಳು, ಹೌದಾ ಅಲ್ವಾ ಮಿಸ್ಟರ್ ವೆಲೆಟ್, ಹೌದು, ಅಂದ ಲೀಲಂಡ್, ಇಷ್ಟಪಟ್ಟೇ ಬಿಟ್ಟೆ, ಪ್ರಿಸಿಲಾ ಕಣ್ಣು ಮುಚ್ಚಿಕೊಂಡಳು, ಕೋರಾ ಮುಚ್ಚಲಿಲ್ಲ, ಹನಿ ನಿಂತಿತು, ಇನ್ನೂ ಏನೋ ಕೇಳುತ್ತಿದ್ದಾರೆ, ತುಟಿಗಳು ಆಡುತ್ತಿವೆ, ಅಂಗಿಯೊಳಗೆ, ಹೊಕ್ಕುಳಿನ ಮೇಲೆ, ತಣ್ಣಗೆ, ಎರಡು ಪಾದ —