ಮೇಷ್ಟರ ಮಗನಿಗೆ ಹೆಸರಿಟ್ಟದ್ದು

ಪೊವ್ಲೆನ್ ಬೆಟ್ಟದ ಈ ಕಡೆಯ ಇಳಿಜಾರಿನಲ್ಲಿ ಗಂಡಸರ ಹೆಸರಿಗೂ ಗಂಡಸರಿಗೂ ಯಾವ ಸಂಬಂಧವೂ ಇಲ್ಲ ಎಂಬುದು ಸ್ತಾನಿಯಾಳ ಖಚಿತ ಅಭಿಪ್ರಾಯವಾಗಿತ್ತು. ಮಿರೊಲ್ಯೂಬ್ ಎಂದರೆ ಶಾಂತಿಪ್ರಿಯ. ಆ ಶಾಂತಿಪ್ರಿಯ ಒಂದು ಮೊಳ ಬೇಲಿಗಾಗಿ ಅಣ್ಣನ ಮೇಲೆ ದಾವೆ ಹೂಡಿ ವರ್ಷವಿಡೀ ಕೋರ್ಟಿಗೆ ಅಲೆಯುತ್ತಿದ್ದ. ತಣ್ಣಗಿರಲಿ ಎಂದು ತಿಹೊಮಿರ್ ಅಂತ ಹೆಸರಿಡಿಸಿಕೊಂಡವನು ತನ್ನ ಹಂದಿಗಳನ್ನು ಕೂಗಿದರೆ ಪಕ್ಕದ ಊರಿನ ಹಂದಿಗಳೂ ಓಡಿಬರುತ್ತಿದ್ದವು. ವೂಕ್ ಎಂದರೆ ತೋಳ. ಆ ತೋಳ ಹೆಂಡತಿಯ ಕೆಮ್ಮು ಕೇಳಿಸಿದರೆ ಸಾಕು, ಕೈಯಲ್ಲಿದ್ದ ಪ್ಲಮ್ ಸಾರಾಯಿ ರಾಕಿಯಾದ ಲೋಟವನ್ನು ಬೂಟಿನೊಳಗೆ ಬಚ್ಚಿಡುತ್ತಿತ್ತು.

ಸ್ತಾನಿಯಾಳ ಹೆಸರಿಗೂ ಒಂದು ಅರ್ಥವಿತ್ತು. ನಿಲ್ಲಿಸು, ಸಾಕು. ನಾಲ್ಕನೆಯದೂ ಹೆಣ್ಣಾಯಿತಲ್ಲ ಎಂದು ಅವಳಪ್ಪ ಮುಖ ಕಿವುಚಿಕೊಂಡು ಹೇಳಿ ಇಡಿಸಿದ ಹೆಸರು, ಹೆಣ್ಣುಗಳ ಸಾಲು ಇವಳಿಗೇ ಮುಗಿಯಲಿ ಅಂತ. ಮುಗಿಯಲಿಲ್ಲ. ಹಿಂದೆಯೇ ಇನ್ನೂ ಇಬ್ಬರು ಬಂದರು, ಆಗಲೂ ಅಪ್ಪ ಬೈದದ್ದು ಇವಳನ್ನೇ, ವಹಿಸಿದ ಕೆಲಸ ಮಾಡಲಿಲ್ಲ ಎಂದು. ಕಡೆಗೊಮ್ಮೆ ಗಂಡು ಹುಟ್ಟಿತು. ಅದಕ್ಕೆ ಝೆಲಿಮಿರ್, ಬಯಸಿ ಬಯಸಿ ಪಡೆದವನು, ಎಂದು ಹೆಸರಾಯಿತು. ಆ ಬಯಕೆಯ ಕುಡಿ ಬೆಳೆದು ದೊಡ್ಡದಾಗಿ, ಪ್ಲಮ್ ತೋಟವನ್ನೆಲ್ಲ ಕುಡಿದು ಮುಗಿಸಿ, ಮದುವೆ ಮಕ್ಕಳು ಒಂದೂ ಇಲ್ಲದೆ ಹಳ್ಳಕ್ಕೆ ಬಿದ್ದು ಸತ್ತಿತು. ಅಕ್ಕತಂಗಿಯರೆಲ್ಲ ಮದುವೆಯಾಗಿ ಹೋಗಿದ್ದರು. ಸ್ತಾನಿಯಾಳ ಮದುವೆಗೆ ಮಾತ್ರ ಅಪ್ಪನಿಗೆ ಪುರುಸೊತ್ತಾಗಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಉಳಿದದ್ದು ಅವಳು, ಅವಳ ಆಡುಗಳು, ಮತ್ತು ಕೂಮ್‌ತನ.

ಇಲ್ಲಿ ಮಗುವಿಗೆ ಹೆಸರಿಡುವವರು ಹೆತ್ತವರಲ್ಲ, ಕೂಮ್. ಒಂದು ಮನೆತನಕ್ಕೆ ಇನ್ನೊಂದು ಮನೆತನ ತಲೆತಲಾಂತರದಿಂದ ಕೂಮ್ ಆಗಿ ಬಂದಿರುತ್ತದೆ. ಚರ್ಚಿನಲ್ಲಿ ಮಗುವನ್ನೆತ್ತಿಕೊಂಡು ನಿಂತ ಕೂಮ್‌ನ ಬಾಯಿಂದ ಯಾವ ಹೆಸರು ಬಿತ್ತೋ ಅದೇ ಸಾಯುವ ತನಕದ ಹೆಸರು. ಆಮೇಲೆ ಅಪ್ಪ ಬಾಯಿ ಬಾಯಿ ಬಡಿದುಕೊಂಡರೂ ಬದಲಾಗುವುದಿಲ್ಲ. ಊರಿನ ಶಾಲೆಯ ವಿತೊಮಿರ್ ಮೇಷ್ಟರ ಮನೆಗೆ ಸ್ತಾನಿಯಾಳ ಮನೆಯೇ ಕೂಮ್. ಮನೆಯಲ್ಲಿ ಗಂಡಸು ಇಲ್ಲದ ಮೇಲೆ ಉಳಿದ ಹೆಂಗಸೇ ಕೂಮಾ.

ಮೇಷ್ಟರು ಹೆಸರುಗಳ ಪಂಡಿತರು. ಯಾವ ಹೆಸರು ಯಾವ ರಾಜನ ಕಾಲದ್ದು, ಯಾವುದು ಗ್ರೀಕರಿಂದ ಬಂದದ್ದು, ಯಾವುದು ಅಪ್ಪಟ ನಮ್ಮದು ಎಂದು ಪೇಟೆಯ ಪತ್ರಿಕೆಗೆ ಬರೆಯುತ್ತಿದ್ದರು. ಬರೆದದ್ದು ಸಾಲದೆಂದು ಗಿರಣಿಯ ಮುಂದೆ ನಿಂತು ಹೇಳುತ್ತಲೂ ಇದ್ದರು. ಆದರೆ ಈ ಪಾಂಡಿತ್ಯವೆಲ್ಲ ಗಂಡುಮಕ್ಕಳಿಗೆ ಮೀಸಲು. ಅವರ ಹೆಂಡತಿ ಪೆರ್ಸಿದಾ ಮೊದಲು ಹೆಣ್ಣು ಹೆತ್ತಾಗ, ನಿಮಗೆ ತೋಚಿದ್ದು ಇಡಿ ಕೂಮಾ ಎಂದು ಕೈ ಒದರಿ ಹೋಗಿದ್ದರು. ಎರಡನೆಯದೂ ಹೆಣ್ಣಾದಾಗ ಅಷ್ಟೂ ಹೇಳಲಿಲ್ಲ. ಸ್ತಾನಿಯಾ ಮಾತ್ರ ಎರಡು ಸಲವೂ ವಾರಗಟ್ಟಲೆ ಯೋಚಿಸಿದ್ದಳು. ಆಡು ಕರೆಯುವಾಗ, ಬೆಣ್ಣೆ ಕಡೆಯುವಾಗ ಒಂದೊಂದೇ ಹೆಸರನ್ನು ಬಾಯಲ್ಲಿ ಹೊರಳಾಡಿಸಿ ನೋಡಿ, ಮೊದಲನೆಯದಕ್ಕೆ ಅಂಗಳದ ಸೀಮೆದಾಳಿಂಬೆ ಹಣ್ಣಿನ ಹೆಸರು ದುನ್ಯಾ ಎಂದೂ ಎರಡನೆಯದಕ್ಕೆ ಬೆಳ್ಳಿ ಎಂಬ ಅರ್ಥದ ಸ್ರೆಬ್ರಾ ಎಂದೂ ಇಟ್ಟಳು. ಚರ್ಚಿನಲ್ಲಿ ಪಾದ್ರಿಗಳು ತನ್ನ ಕಡೆ ತಿರುಗಿ ಹೆಸರೇನು ಎಂದು ಕೇಳಿ, ಇಡೀ ಊರು ಅವಳ ಬಾಯಿ ನೋಡುತ್ತ ನಿಂತ ಆ ಗಳಿಗೆಯಲ್ಲಿ ಮಾತ್ರ ಅವಳಿಗೆ ತಾನೂ ಲೆಕ್ಕಕ್ಕೆ ಇದ್ದೇನೆ ಅನ್ನಿಸುತ್ತಿತ್ತು. ಬೇರೆ ಯಾವ ಸುಖವನ್ನೂ ಅವಳು ಕೇಳಿದವಳಲ್ಲ.

ಪೆರ್ಸಿದಾ ಮೂರನೆಯ ಸಲ ಬಸುರಿಯಾಗಿದ್ದ ಶರತ್ಕಾಲದಲ್ಲಿ ಮೇಷ್ಟರು ಒಂದು ಪೊಟ್ಟಣ ಸಕ್ಕರೆ ಹಿಡಿದುಕೊಂಡು ಬಂದರು. ಸ್ತಾನಿಯಾ ಹಿತ್ತಲಲ್ಲಿ ರಾಕಿಯಾ ಭಟ್ಟಿಯಿಳಿಸುವ ಹಂಡೆಗೆ ಸೌದೆ ಒಡ್ಡುತ್ತಿದ್ದಳು. ಮೇಷ್ಟರು ಬೆಂಚಿನ ಧೂಳು ಒರೆಸಿ ಕೂತು, ಈ ಸಲ ಗಂಡೇ ಎಂದು ಎಲ್ಲರೂ ಹೇಳುತ್ತಿದ್ದಾರೆ ಅಂದರು. ಹೋದ ಸಲವೂ ಹೇಳಿದ್ದರು ಎಂದು ಸ್ತಾನಿಯಾ ನೆನಪಿಸಿದಳು. ಅವರು ಅದನ್ನು ಕೇಳಿಸಿಕೊಳ್ಳದೆ ವ್ಲಾಸ್ತಿಮಿರ್ ಎಂಬ ಹೆಸರಿನ ವ್ಯಾಖ್ಯಾನಕ್ಕೆ ಇಳಿದರು. ವ್ಲಾಸ್ತ್ ಎಂದರೆ ಅಧಿಕಾರ, ಮಿರ್ ಎಂದರೆ ಶಾಂತಿ, ಶಾಂತಿಯಿಂದ ಆಳುವವನು, ಸಾವಿರ ವರ್ಷದ ಹಿಂದಿನ ದೊರೆಯ ಹೆಸರು, ಇಂಥ ಹೆಸರು ಹೊತ್ತ ಹುಡುಗ ಹಂದಿ ಕಾಯುತ್ತ ಕೂರಲಾರ, ಇತ್ಯಾದಿ. ಹಂಡೆಯ ಕೆಳಗಿನ ಬೆಂಕಿ ಇಳಿಯುವಷ್ಟು ಹೊತ್ತು ಮಾತಾಡಿದ ಮೇಲೆ ವಿಷಯ ಹೊರಬಿತ್ತು.

"ತಾಲ್ಲೂಕಿನ ಸಾಹೇಬ್ರು ಕೂಮ್ ಆಗೋಕೆ ಒಪ್ಪಿದಾರೆ ಕೂಮಾ. ಹುಡುಗನ ಭವಿಷ್ಯ ನೋಡ್ಬೇಕಲ್ಲ. ನೀವೊಂದು ಮಾತು, ಬಿಟ್ಟುಕೊಟ್ಟಿದೀನಿ ಅಂತ ಬಾಯ್ತುಂಬ ಅಂದ್ಬಿಟ್ರೆ ಆಯ್ತು."

"ಹೆಣ್ಣಾದ್ರೆ?"

"ಹೆಣ್ಣಾದ್ರೆ ನೀವೇ. ಅದ್ರಲ್ಲಿ ಎರಡನೇ ಮಾತೇ ಇಲ್ಲ."

ದೊಡ್ಡ ಉಪಕಾರ ಮಾಡಿದವರ ಹಾಗೆ ಅಂದರು. ಸ್ತಾನಿಯಾ ಕೈಯಲ್ಲಿದ್ದ ಕೊಳ್ಳಿಯನ್ನು ಒಲೆಗೆ ತುರುಕಿ ಎದ್ದು ನಿಂತಳು.

"ಅಂದ್ರೆ ನಾನು ಬರೀ ಹೆಣ್ಣುಗಳಿಗೆ ಕೂಮಾ. ಸೂಲಗಿತ್ತಿಗಿಂತ ಕಡೆಯಾದೆ ಅನ್ನಿ ಮೇಷ್ಟ್ರೇ. ಅವಳಾದ್ರೂ ಎರಡನ್ನೂ ಹಿಡೀತಾಳೆ." ಆಮೇಲೆ ಸೆರಗಿಲ್ಲದ ಈ ನಾಡಿನಲ್ಲಿ ಹೆಂಗಸರು ಮಾಡುವಂತೆ ತಲೆವಸ್ತ್ರದ ಗಂಟನ್ನು ಬಿಗಿದುಕೊಂಡು ಹೇಳಿದಳು: "ಬಿಟ್ಟುಕೊಡಲ್ಲ. ಹೋಗಿ ಬನ್ನಿ."

ಕಾಲ ಬದಲಾಗಿದೆ, ಇದಕ್ಕೆಲ್ಲ ಈಗ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಗೊಣಗುತ್ತ ಮೇಷ್ಟರು ಎದ್ದು ಹೋದರು. ಸಕ್ಕರೆ ಬೆಂಚಿನ ಮೇಲೇ ಉಳಿದಿತ್ತು. ಅರ್ಧ ದಾರಿಯಲ್ಲಿ ನೆನಪಾಗಿ ತಿರುಗಿ ಬಂದು ಅದನ್ನೂ ತೆಗೆದುಕೊಂಡು ಹೋದರು.

ಅವತ್ತು ಸ್ತಾನಿಯಾ ಅತ್ತಳು. ಸಿಟ್ಟಿಗೆ ಅಳುತ್ತಿದ್ದೇನೆ ಎಂದು ಆಡುಗಳಿಗೂ ತನಗೂ ಹೇಳಿಕೊಂಡಳು, ಆದರೆ ಅದು ಬರೀ ಸಿಟ್ಟಾಗಿರಲಿಲ್ಲ. ಮೇಷ್ಟರು ಅವಳ ಮಾತಿಗೆ ಕಾಯದೆ ಸಾಹೇಬರನ್ನು ಗೊತ್ತು ಮಾಡಿ ಬಂದರಂತೆ, ಅವರ ಕುದುರೆಗೆಂದು ಲಾಯವನ್ನೂ ಸುಣ್ಣ ಬಳಿಸಿದರಂತೆ ಎಂದು ಊರು ಆಡಿಕೊಂಡಿತು.

ಫೆಬ್ರವರಿಯಲ್ಲಿ ಹಿಮ ಬಿದ್ದು ದಾರಿಗಳೆಲ್ಲ ಮುಚ್ಚಿಹೋದ ಒಂದು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಮೇಷ್ಟರು. ತಲೆಯ ಮೇಲೆ ಟೋಪಿಯಿಲ್ಲ, ಸೊಂಟದವರೆಗೆ ಹಿಮ.

"ಗಂಡು, ಕೂಮಾ. ತಿಂಗಳು ತುಂಬಿರ್ಲಿಲ್ಲ. ಉಸಿರು ಸರಿಯಾಗಿ ಆಡ್ತಿಲ್ಲ. ಪಾದ್ರಿಗಳು ಗುಡ್ಡ ದಾಟಿ ಬರೋ ಹಾಗಿಲ್ಲ."

"ಸಾಹೇಬ್ರು ಬರಲ್ವಾ?"

ಮೇಷ್ಟರು ತಲೆ ತಗ್ಗಿಸಿದರು. "ಹೆಸರಿಲ್ಲದೆ ಹೋಗ್ಬಿಡುತ್ತೆ ಕೂಮಾ."

ಅವಳಿಗೆ ಒಂದು ಕ್ಷಣ ಹಿತವೆನಿಸಿತು. ಅದನ್ನು ಮುಚ್ಚಿಡುವುದೇಕೆ, ಆ ಬೋಳು ತಲೆಯ ಮೇಲೆ ಹಿಮ ಕರಗಿ ಇಳಿಯುವುದನ್ನು ನೋಡಿ ಅವಳಿಗೆ ಹಬ್ಬದೂಟ ಉಂಡಷ್ಟು ಹಿತವಾಯಿತು. ಪಾದ್ರಿಯಿಲ್ಲದ ಕಡೆ, ಮಗು ಕೈತಪ್ಪುವ ಹಾಗಿದ್ದರೆ, ಕೂಮ್ ತಾನೇ ನೀರು ಹಾಕಿ ಹೆಸರಿಡಬಹುದು. ಕುರಿತೊಗಲು ಹೊದ್ದು ಅವರ ಹಿಂದೆ ಹೊರಟವಳು ದಾರಿಯಲ್ಲೇ ಹೆಸರನ್ನೂ ಗೊತ್ತು ಮಾಡಿಕೊಂಡಳು. ಪ್ರೊದಾನ್. ಮಾರಿಬಿಟ್ಟದ್ದು ಎಂದರ್ಥ. ತೊಟ್ಟಿಲಿಗೆ ಬರುವ ಮುಂಚೆಯೇ ಮಗನನ್ನು ಸಾಹೇಬರಿಗೆ ಮಾರಿದ ಅಪ್ಪ ಜೀವಮಾನವಿಡೀ ಆ ಹೆಸರು ಕೂಗಿಕೊಂಡಿರಲಿ ಎಂದು ಹಿಮ ತುಳಿದಷ್ಟೂ ಖುಷಿಪಟ್ಟಳು.

ಒಳಗೆ ಒಲೆಯ ಪಕ್ಕದ ಹಾಸಿಗೆಯಲ್ಲಿ ಪೆರ್ಸಿದಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸೂಲಗಿತ್ತಿ ಉಣ್ಣೆಯಲ್ಲಿ ಸುತ್ತಿದ್ದನ್ನು ತಂದು ಸ್ತಾನಿಯಾಳ ಕೈಗಿಟ್ಟಳು. ಅದಕ್ಕೆ ತೂಕವೇ ಇರಲಿಲ್ಲ. ಮುಖ ಸುಟ್ಟ ಬದನೆಕಾಯಿಯ ಬಣ್ಣ. ಒಂದು ಉಸಿರು ಎಳೆಯುವುದು, ಇನ್ನೊಂದು ಬೇಕೋ ಬೇಡವೋ ಎಂದು ಯೋಚಿಸುವುದು.

"ವ್ಲಾಸ್ತಿಮಿರ್ ಅನ್ನಿ ಕೂಮಾ," ಎಂದು ಮೇಷ್ಟರು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ಇದೊಂದು ನನ್ನ ಮಾತು ನಡೆಸ್ಕೊಡಿ."

ಸಾಯುವ ಕೂಸಿನ ಪಕ್ಕದಲ್ಲೂ ಈ ಮನುಷ್ಯನಿಗೆ ಸಿಂಹಾಸನದ ಚಿಂತೆ. ಸ್ತಾನಿಯಾಳಿಗೆ ಅಸಹ್ಯವಾಯಿತು. ಆದರೆ ದಾರಿಯುದ್ದಕ್ಕೂ ತಾನು ಖುಷಿಯಿಂದ ಹೊತ್ತು ತಂದಿದ್ದ ಹೆಸರು ನಾಲಿಗೆಯ ತುದಿಗೆ ಬಂದಾಗ ಅದೂ ಅಷ್ಟೇ ಅಸಹ್ಯವೆನಿಸಿತು. ದೊಡ್ಡವರ ಸಿಟ್ಟನ್ನು ಮಗುವಿನ ಹಣೆಗೆ ಮೆತ್ತುವುದು ತನ್ನ ಮನೆಯಲ್ಲಿ ನಡೆದ ಕೆಲಸವೇ ಅಲ್ಲವೇ. ಅವಳು ಬೆಚ್ಚನೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಆ ಪುಟ್ಟ ತಲೆಯ ಮೇಲೆ ಮೂರು ಸಲ ಹೊಯ್ದು, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ, ಮಗುವಿನ ಹೆಸರನ್ನೂ ಹೇಳಿದಳು. ಓಸ್ತೊಯಾ.

ಮೇಷ್ಟರು ಬೆಚ್ಚಿಬಿದ್ದರು. "ಕುರಿ ಕಾಯೋರ ಹೆಸರು ಕೂಮಾ ಅದು. ಮಕ್ಕಳು ಸಾಯೋ ಮನೇಲಿ ಇಡೋದು."

"ಇದು ಯಾವ ಮನೆ ಅಂದ್ಕೊಂಡಿದೀರಿ ಮತ್ತೆ? ಅರ್ಥ ಗೊತ್ತಲ್ಲ ನಿಮಗೆ. ಉಳ್ಕೋ ಅಂತ. ಈಗ ಅದನ್ನ ಹೆಸರು ಅಂದ್ಕೋಬೇಡಿ, ಅವನಿಗೆ ಹೇಳ್ತಿದೀವಿ ಅಂದ್ಕೊಳ್ಳಿ. ನಾನೊಬ್ಳು ಹೇಳಿದ್ರೆ ಸಾಲಲ್ಲ. ಕೂತ್ಕೊಂಡು ನೀವೂ ಹೇಳಿ."

ಅವಳು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು, ಮೇಷ್ಟರು ಪಕ್ಕದಲ್ಲಿ ಮಂಡಿಯೂರಿ ಕೂತರು. ಮೊದಲು ಹಾಜರಿ ಕೂಗುವವರ ಹಾಗೆ ಗಂಟಲು ಸರಿಮಾಡಿಕೊಂಡು ಓಸ್ತೊಯಾ ಎಂದರು. ಮಗು ಉಸಿರೆಳೆಯುವುದನ್ನು ಮರೆತಾಗ ಇನ್ನೊಮ್ಮೆ ಕರೆದರು. ಆಮೇಲೆ ಅವರ ದನಿ ಒಡೆಯಿತು. ಅರ್ಥ, ಮೂಲ, ದೊರೆ ಎಲ್ಲ ಬಿಟ್ಟುಹೋಗಿ, ಮೂಗು ಸೋರುತ್ತ, ತೊಟ್ಟಿಲ ಅಂಚು ಹಿಡಿದುಕೊಂಡು ಮಧ್ಯಾಹ್ನದವರೆಗೆ ಅದೊಂದೇ ಮಾತನ್ನು ಹೇಳಿದರು. ಪೆರ್ಸಿದಾ ಗೋಡೆಯಿಂದ ಮುಖ ತಿರುಗಿಸಿ ಗಂಡನನ್ನೇ ನೋಡುತ್ತಿದ್ದಳು.

ಸ್ತಾನಿಯಾ ಕೇಳಿಸಿಕೊಳ್ಳುತ್ತ ಒಲೆಯ ಬಳಿ ಕೂತಳು. ಅವಳಪ್ಪನೂ ದಿನಕ್ಕೆ ಹತ್ತಾರು ಸಲ ಅವಳ ಹೆಸರು ಕರೆಯುತ್ತಿದ್ದ, ನೀರಿಗೆ, ಸೌದೆಗೆ, ದನ ಕಟ್ಟುವುದಕ್ಕೆ. ಕರೆದಾಗಲೆಲ್ಲ ಸಾಕು, ಸಾಕು ಎಂದೇ ಹೇಳುತ್ತಿದ್ದ. ಒಂದು ಸಲವಾದರೂ ಅದು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಇದನ್ನು ಯೋಚಿಸುತ್ತ ಬೆಂಕಿ ಕೆದಕುವ ನೆಪದಲ್ಲಿ ಮುಖ ಮರೆಮಾಡಿಕೊಂಡಳು. ಹೊತ್ತು ಇಳಿಯುವ ಮುಂಚೆ ಮಗು ತಾಯಿಯ ಮೊಲೆ ಹಿಡಿಯಿತು.

ಮೇ ತಿಂಗಳಲ್ಲಿ ದಾರಿಗಳು ಒಣಗಿದ ಮೇಲೆ ಚರ್ಚಿನಲ್ಲಿ ಉಳಿದ ಶಾಸ್ತ್ರ ಮುಗಿಸಿದರು. ತಾಲ್ಲೂಕಿನ ಸಾಹೇಬರೂ ಬಂದಿದ್ದರು, ತಾವೇ ಕೂಮ್ ಎಂದುಕೊಂಡು. ನೀರು ಬಿದ್ದಾಗಿದೆ, ಹೆಸರೂ ಆಗಿದೆ, ನೀರು ಹಾಕಿದವಳೇ ಕೂಮಾ ಎಂದು ಪಾದ್ರಿಗಳು ಅವರಿಗೆ ವಿವರಿಸಿದರು. ಸಾಹೇಬರು ತಲೆಯಾಡಿಸಿ ಹಿಂದೆ ಸರಿದು ನಿಂತರು. ಅವರಿಗೆ ಅರ್ಥವಾದದ್ದು ಮೇಷ್ಟರಿಗೆ ಅರ್ಥವಾಗಲಿಲ್ಲ. ಮನೆಗೆ ಬಂದ ಮೇಲೆ ಮೇಜಿನ ತಲೆಯ ಕಡೆಯ ಕುರ್ಚಿಯಲ್ಲಿ, ಕೂಮ್ ಕೂರಬೇಕಾದ ಜಾಗದಲ್ಲಿ, ಸಾಹೇಬರನ್ನು ಹಿಡಿದು ಕೂರಿಸಿದರು. ಒಲೆಯ ಹತ್ತಿರ ಹೆಂಗಸರ ಜೊತೆ ಬೆಚ್ಚಗಿರುತ್ತೆ ಕೂಮಾ ಎಂದು ಸ್ತಾನಿಯಾಳಿಗೆ ದಾರಿ ತೋರಿಸಿದರು. ಮೇ ತಿಂಗಳಲ್ಲಿ.

ಆಮೇಲೆ ಲೋಟ ಎತ್ತಿಕೊಂಡು ಭಾಷಣ ಶುರುವಾಯಿತು. ಓಸ್ತೊಯಾ ಎಂಬುದು ಸಾಮಾನ್ಯ ಹೆಸರಲ್ಲ, ಐನೂರು ವರ್ಷದ ಹಿಂದೆ ಬೋಸ್ನಿಯಾವನ್ನು ಆಳಿದ ರಾಜನ ಹೆಸರು. ಮಗು ಹುಟ್ಟುವ ಮೊದಲೇ, ಹಳೆಯ ಗ್ರಂಥಗಳನ್ನು ನೋಡುತ್ತಿರುವಾಗ, ತಾವು ಇದನ್ನು ಮನಸ್ಸಿನಲ್ಲೇ ಆರಿಸಿಟ್ಟುಕೊಂಡಿದ್ದರಂತೆ. ನೆಂಟರು ಭಲೆ ಎಂದರು. ಸ್ತಾನಿಯಾ ಒಲೆಯ ಬಳಿ ಜೋಳದ ರೊಟ್ಟಿ ಮುರಿಯುತ್ತ, ಇಷ್ಟು ದಿನ ತಡೆದದ್ದೇ ಹೆಚ್ಚು ಎಂದುಕೊಂಡಳು. ಎದ್ದು ನಿಂತು ನಾಲ್ಕು ಮಾತು ಆಡಬಹುದಿತ್ತು. ಆಡಿದರೆ ಕುರ್ಚಿಗಾಗಿ ಆಡಿದಳು ಎನ್ನುತ್ತಾರೆ. ಬೇಡ ಎಂದು ರೊಟ್ಟಿ ಬಾಯಿಗೆ ಹಾಕಿಕೊಂಡಳು.

ಮಾಂಸದ ತಟ್ಟೆ ಬಡಿಸುತ್ತಿದ್ದ ಪೆರ್ಸಿದಾ ಅದನ್ನು ಮೇಜಿನ ನಡುವೆ ಇಟ್ಟು, ತೊಟ್ಟಿಲಿಂದ ಮಗುವನ್ನೆತ್ತಿ ತಂದು ಸ್ತಾನಿಯಾಳ ಮಡಿಲಿಗೆ ಹಾಕಿದಳು. ಮದುವೆಯಾಗಿ ಬಂದಂದಿನಿಂದ ನೆಂಟರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

"ರಾಜನೂ ಇಲ್ಲ ಗೀಜನೂ ಇಲ್ಲ ಸಾಹೇಬ್ರೇ," ಎಂದಳು. "ಇವ್ರು ತೊಟ್ಟಿಲ ಹತ್ರ ಮಂಡಿಯೂರಿ ಅಳ್ತಾ ಬೇಡ್ಕೊಂಡ ಮಾತು ಅದು. ಹೇಳ್ಕೊಟ್ಟೋರು ನಮ್ಮ ಕೂಮಾ. ನೀವು ಕೂತಿರೋ ಜಾಗ ಅವ್ರದ್ದು."

ಸಾಹೇಬರು ತಟ್ಟೆ ಎತ್ತಿಕೊಂಡು ಎದ್ದರು. ಸ್ತಾನಿಯಾ ಮಗುವಿನೊಂದಿಗೆ ಹೋಗಿ ಆ ಕುರ್ಚಿಯಲ್ಲಿ ಕೂತಳು. ಮೊದಲ ಲೋಟವನ್ನು ಕೂಮಾಗೆ ಮನೆಯ ಯಜಮಾನನೇ ತುಂಬಬೇಕು. ಮೇಷ್ಟರು ಬಂದು ತುಂಬಿದರು, ಅರ್ಧ ಮೇಜಿನ ಮೇಲೆ ಚೆಲ್ಲಿದರು. ಅವಳ ನಾಲಿಗೆ ಎಂಥದೆಂದು ಇಡೀ ಊರಿಗೆ ಗೊತ್ತು. ಈಗ ಮೇಷ್ಟರ ಕಥೆ ಮುಗಿಯಿತು ಎಂದು ಎಲ್ಲರೂ ಊಟ ನಿಲ್ಲಿಸಿ ಕಾಯುತ್ತಿದ್ದರು.

"ಮೇಷ್ಟ್ರೇ," ಎಂದಳು ಸ್ತಾನಿಯಾ, "ಹುಡುಗನ್ನ ಒಂದ್ಸಲ ಕರೀರಿ."

ಮೇಷ್ಟರು ಬಗ್ಗಿ, ಮಗುವಿನ ಮುಖದ ಹತ್ತಿರ ಮುಖ ತಂದು, ಓಸ್ತೊಯಾ ಎಂದರು. ಭಾಷಣದ ದನಿಯನ್ನು ಹುಡುಕಿದರೂ ಅದು ಬರಲಿಲ್ಲ. ಫೆಬ್ರವರಿಯ ದನಿಯೇ ಬಂತು. ರಾಜನನ್ನು ಯಾರೂ ಹಾಗೆ ಕರೆಯುವುದಿಲ್ಲ ಎಂಬುದು ಮೇಜಿನ ಸುತ್ತ ಕೂತ ಅಷ್ಟೂ ಜನರಿಗೆ ಕೇಳಿಸಿತು.