ತರಗತಿಗೆ ಹೋಗದಿದ್ದ ಮಾತ್ರಕ್ಕೆ ಶಾಲೆ ಬಿಟ್ಟಂತಲ್ಲ

ಮಕ್ಕಳನ್ನು ಯಾವುದಾದರೂ ಕೋರ್ಸಿಗೆ ಸೇರಿಸುವ ದಿನ ಎಲ್ಲರೂ ನಗುನಗುತ್ತಾ ಮಾತಾಡಿಸುತ್ತಾರೆ. ನಡುವೆ ಬಿಡಬೇಕಾಗಿ ಬಂದಾಗ ಮಾತ್ರ ಯಾರನ್ನು ಕೇಳಬೇಕು, ಏನು ಕೇಳಬೇಕು ಎಂದೇ ತೋಚುವುದಿಲ್ಲ. ಕ್ರೀಮಕ್ಕನ ಮನೆಯಲ್ಲೂ ಹೀಗೇ ಆಯಿತು.

ಕ್ರೀಮಕ್ಕ ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಿಂದ ಹೂಬಳ್ಳಿ ಬಿಡಿಸುವವಳು. ಅದಕ್ಕೇ ಬೀದಿಯವರು ಆ ಹೆಸರಿಟ್ಟಿದ್ದರು. ಗಂಡ ಅದೇ ಬೇಕರಿಯ ವ್ಯಾನು ಓಡಿಸುತ್ತಿದ್ದ. ಒಬ್ಬಳೇ ಮಗಳು. ಸಣ್ಣವಳಿದ್ದಾಗ ಅಮ್ಮನ ಪಕ್ಕ ಸ್ಟೂಲಿನ ಮೇಲೆ ನಿಂತು, ಮಿಕ್ಕ ಕ್ರೀಮಿನಲ್ಲಿ ತಟ್ಟೆಯ ತುಂಬ ಬೆಕ್ಕು ಬಿಡಿಸುತ್ತಿದ್ದಳು. ಹುಡುಗಿಯ ಕೈಯಲ್ಲಿ ಕಲೆ ಇದೆ ಎಂದು ನೋಡಿದವರೆಲ್ಲ ಹೇಳಿದರು. ಹಾಗಾಗಿ ಚಿತ್ರಕಲಾ ಶಾಲೆಗೆ ಸೇರಿಸಿದರು. ವರ್ಷದ ಫೀಸನ್ನು ಒಟ್ಟಿಗೆ ಕಟ್ಟುವುದು ಇವರ ಕೈಲಾಗದ ಮಾತು. ಶಾಲೆಯವರು ಮೂರು ಕಂತು ಮಾಡಿಕೊಟ್ಟರು. ಮೊದಲನೆಯದು ಸೇರುವಾಗ, ಉಳಿದೆರಡು ಬ್ಯಾಂಕ್ ಖಾತೆಯಿಂದ ತಾವಾಗಿಯೇ ಕಡಿತವಾಗುತ್ತವೆ ಎಂದರು. ಅವರು ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಕ್ರೀಮಕ್ಕ ಸಹಿ ಹಾಕಿದಳು. ಮೇಲೆ ಏನು ಬರೆದಿದೆ ಎಂದು ಓದಲು ಸಾಲಿನಲ್ಲಿ ಹಿಂದೆ ನಿಂತಿದ್ದವರು ಪುರುಸೊತ್ತು ಕೊಡಲಿಲ್ಲ.

ಒಂದು ಸಂಜೆ ಅವಳ ಫೋನಿಗೆ ಶಾಲೆಯಿಂದ ಸಂದೇಶ ಬಂತು. ಮುಂದಿನ ವಾರ ಎರಡನೇ ಕಂತು ಕಡಿತವಾಗಲಿದೆ, ಖಾತೆಯಲ್ಲಿ ಹಣವಿರಲಿ ಎಂದಿತ್ತು. ಅದನ್ನು ಓದಿ ಹೇಳಿದ್ದೇ ತಡ, ಮಗಳ ಮುಖ ಬಿಳಿಚಿಕೊಂಡಿತು.

"ಅಮ್ಮ, ನಾನು ಶಾಲೆಗೆ ಹೋಗ್ತಾ ಇಲ್ಲ" ಎಂದಳು.

ಒಂದು ವಾರದಿಂದ ಅವಳು ಬೆಳಿಗ್ಗೆ ಮನೆಯಿಂದ ಹೊರಟು ಗ್ರಂಥಾಲಯದಲ್ಲಿ ಕೂತು ಬರುತ್ತಿದ್ದಳಂತೆ. ಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆಗೆ ಅವಳ ಎದೆ ಬಿಗಿಯುತ್ತಿತ್ತು. ಮೊದಲು ಕೆಮ್ಮು, ಆಮೇಲೆ ಉಸಿರೇ ಸಾಲದು. ಕಿಟಕಿಯ ಪಕ್ಕ ಕೂತು ನೋಡಿದಳು, ಮೂಗಿಗೆ ಬಟ್ಟೆ ಕಟ್ಟಿ ನೋಡಿದಳು. ಆಗಲಿಲ್ಲ. ಬಿಡುತ್ತೇನೆ ಎಂದು ಟೀಚರಿಗೆ ಹೇಳಿದ್ದಳು. ಅವರು ಸರಿ ಎಂದಿದ್ದರು.

"ನಮಗ್ಯಾಕೆ ಹೇಳಲಿಲ್ಲ?" ಕ್ರೀಮಕ್ಕ ಕೇಳಿದಳು.

"ಕಟ್ಟಿದ್ದು ವಾಪಸ್ ಬರಲ್ಲ ಅಂತ ಎಲ್ಲರೂ ಅಂತಿದ್ದರು. ಹೇಗಾದರೂ ತಡ್ಕೊಳ್ಳೋಣ ಅಂದ್ಕೊಂಡೆ."

ಫೀಸು ಉಳಿಸಲು ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದಳಲ್ಲ. ಮಾರನೆಯ ದಿನ ಕ್ರೀಮಕ್ಕ ಬೇಕರಿಗೆ ರಜೆ ಹೇಳಿ ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಆ ವಾಸನೆಯಿಂದ ದೂರ ಇರಲೇಬೇಕು ಎಂದು ಅವರು ಚೀಟಿ ಬರೆದುಕೊಟ್ಟರು. ಶಾಲೆ ಬಿಡಿಸುವುದು ಅಲ್ಲಿಗೆ ನಿಶ್ಚಯವಾಯಿತು. ಬಿಡಿಸುವುದು ಹೇಗೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಗಂಡನ ಪ್ರಕಾರ ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ. ಹೋಗುವುದು ನಿಂತಿದೆ, ಖಾತೆಯಲ್ಲಿರುವುದನ್ನು ತೆಗೆದುಬಿಟ್ಟರೆ ಕಡಿತವೂ ನಿಲ್ಲುತ್ತದೆ, ಅಷ್ಟೇ ಎಂದ. ಪಕ್ಕದ ಮನೆಯವಳು, ಡಾಕ್ಟರ ಚೀಟಿ ಇದ್ದರೆ ಪೂರ್ತಿ ವಾಪಸ್ ಕೊಡಲೇಬೇಕು ಎಂದಳು. ಭಾವ ಫೋನು ಮಾಡಿ, ಒಂದು ಸಲ ಒಳಗೆ ಹೋದ ದುಡ್ಡು ಹೊರಗೆ ಬಂದದ್ದನ್ನು ತಾನಂತೂ ಕಂಡಿಲ್ಲ ಎಂದರು. ಮೂವರೂ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಕೇಳಿ ಕೇಳಿ ಕ್ರೀಮಕ್ಕನ ತಲೆ ಗಿರ್ರೆಂದಿತು. ಕೇಕಿನ ಮೇಲೆ ಯಾರದೋ ಹೆಸರು ಬರೆಯುತ್ತಾ ಒಂದು ಅಕ್ಷರವನ್ನೇ ನುಂಗಿಬಿಟ್ಟಳು.

ಅದನ್ನು ಕಂಡವಳು ಬೇಕರಿಯ ಲೆಕ್ಕ ನೋಡುವ ಗೆಳತಿ. ಎಲ್ಲರೂ ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಕಾಲೇಜೊಂದರ ಫೀಸು ವಿಭಾಗದಲ್ಲಿ ಕೆಲಸ ಮಾಡಿ ಬಂದವಳು. ವಿಷಯವೆಲ್ಲ ಕೇಳಿ, "ಬಿಡ್ತೀವಿ ಅಂತ ಬರೆದು ಕೊಟ್ಟಿದ್ದೀರಾ?" ಎಂದಳು.

"ಟೀಚರಿಗೆ ಹೇಳಿದಾಳಲ್ಲ."

"ಟೀಚರಿಗೆ ಹೇಳಿದ್ದು ಟೀಚರ ಹತ್ತಿರವೇ ಉಳೀತು. ಆಫೀಸಿನ ಪಾಲಿಗೆ ನಿಮ್ಮ ಮಗಳು ಈಗಲೂ ಅಲ್ಲಿ ಓದ್ತಾ ಇದಾಳೆ."

ಕ್ರೀಮಕ್ಕನಿಗೆ ಅರ್ಥವಾಗಲಿಲ್ಲ. ಹೋಗದ ತಿಂಗಳಿಗೆ ಯಾಕೆ ಕೊಡಬೇಕು? ಹಾಲು ಬೇಡವೆಂದ ದಿನ ಹಾಲಿನವನು ದುಡ್ಡು ಕೇಳುತ್ತಾನೆಯೇ?

"ಇದು ಹಾಲಿನ ಲೆಕ್ಕ ಅಲ್ಲ" ಎಂದಳು ಲೆಕ್ಕದಕ್ಕ. "ಯಾರೋ ದೊಡ್ಡ ಕೇಕಿಗೆ ಆರ್ಡರ್ ಕೊಟ್ಟು, ದುಡ್ಡು ಮೂರು ಸಲ ಕೊಡ್ತೀನಿ ಅಂದರು ಅಂತಿಟ್ಕೊಳ್ಳಿ. ಒಂದು ಸಲ ಕೊಟ್ಟು ನಾಪತ್ತೆಯಾದರು. ಬೇಡ ಅಂತ ಫೋನೂ ಮಾಡಲಿಲ್ಲ. ನೀವೇನು ಮಾಡ್ತೀರಿ?"

"ಕೇಕು ಮಾಡ್ತೀನಿ. ಆರ್ಡರ್ ಇದೆಯಲ್ಲ."

"ಹಾಗೇ. ಕಂತು ಅಂದರೆ ತಿಂಗಳ ಬಾಡಿಗೆಯಲ್ಲ, ವರ್ಷದ ಫೀಸನ್ನೇ ತುಂಡು ಮಾಡಿದ್ದು. ಬೇಡ ಅನ್ನೋದನ್ನ ಅವರಿಗೆ ಬರೆದು ತಿಳಿಸಬೇಕು. ಎಷ್ಟು ಬೇಗ ತಿಳಿಸಿದರೆ ಅಷ್ಟು ಹೆಚ್ಚು ಉಳಿಯುತ್ತೆ."

ಖಾತೆ ಖಾಲಿ ಮಾಡುವ ಗಂಡನ ಉಪಾಯ ಕೇಳಿ ಅವಳು ಬೇಡವೆಂದು ತಲೆಯಾಡಿಸಿದಳು. ಕಂತು ಕಡಿತವಾಗದೆ ಹೋದರೆ ಬ್ಯಾಂಕಿನವರು ದಂಡ ಹಾಕುತ್ತಾರೆ, ಶಾಲೆಯವರೂ ಹಾಕಬಹುದು, ಬಾಕಿ ಮಾತ್ರ ಹಾಗೇ ನಿಂತಿರುತ್ತದೆ ಎಂದಳು. ಆಮೇಲೆ, ಸೇರುವಾಗ ಕೊಟ್ಟ ಷರತ್ತಿನ ಹಾಳೆ ಎಲ್ಲಿ ಎಂದು ಕೇಳಿದಳು. ಬಣ್ಣದ ಪೆಟ್ಟಿಗೆಯ ತಳದಲ್ಲಿ ಮಡಚಿಕೊಂಡು ಬಿದ್ದಿತ್ತು. ಇಬ್ಬರೂ ಕೂತು ಓದಿದರು. ಸಾಲು ಸಾಲಿಗೂ ಕ್ರೀಮಕ್ಕ ತಡೆದು ಅರ್ಥ ಕೇಳಿದಳು. ಆರನೇ ವಾರ ಮುಗಿಯುವುದರೊಳಗೆ ಬಿಟ್ಟರೆ ಶಾಲೆ ವರ್ಷದ ಫೀಸಿನ ಕಾಲು ಭಾಗ ಇಟ್ಟುಕೊಳ್ಳುತ್ತದೆ. ಅದು ದಾಟಿದರೆ ಪೂರ್ತಿ ಫೀಸು ಕಟ್ಟಬೇಕು. ಈಗ ನಡೆಯುತ್ತಿದ್ದುದು ಆರನೇ ವಾರವೇ.

ಮಾರನೆಯ ಬೆಳಿಗ್ಗೆಯೇ ಗಂಡ, ಹೆಂಡತಿ, ಮಗಳು ಮೂವರೂ ಶಾಲೆಗೆ ಹೋದರು. ಮಗಳು ತಾನೇ ಪತ್ರ ಬರೆದಿದ್ದಳು: ಹೆಸರು, ತರಗತಿ, ಬಿಡುವ ಕಾರಣ. ಜೊತೆಗೆ ಡಾಕ್ಟರ ಚೀಟಿಯ ನಕಲು. ಫೀಸು ಕೌಂಟರಿನ ಹೆಂಗಸು ಓದಿ, ಬಿಟ್ಟ ದಿನವೆಂದು ಅವತ್ತಿನ ತಾರೀಕು ಹಾಕಿದಳು. ಗಂಡನಿಗೆ ರೇಗಿತು. ಮಗಳು ಬರುವುದನ್ನು ಆಗಲೇ ನಿಲ್ಲಿಸಿದ್ದಾಳೆ, ಹಾಜರಿ ಪುಸ್ತಕ ನೋಡಿ ಎಂದು ವಾದಕ್ಕೆ ನಿಂತ.

"ಹಾಜರಿ ಪುಸ್ತಕದಲ್ಲಿ ಬಂದಿಲ್ಲ ಅಂತಷ್ಟೇ ಇರುತ್ತೆ ಸರ್, ಬಿಟ್ಟಿದ್ದಾರೆ ಅಂತ ಇರಲ್ಲ. ನಮಗೆ ಪತ್ರ ಕೈಗೆ ಬಂದ ದಿನವೇ ಲೆಕ್ಕ. ಮುಂದಿನ ವಾರ ಬಂದಿದ್ದರೆ ನಾನು ಏನೂ ಮಾಡೋಕೆ ಆಗ್ತಿರಲಿಲ್ಲ."

ಜೊತೆಗೇ ಅವಳು ಇನ್ನೊಂದು ಮಾತು ಹೇಳಿ ಇವರನ್ನು ಮತ್ತೆ ಗೊಂದಲಕ್ಕೆ ಕೆಡವಿದಳು. ಕಾಯಿಲೆಯ ಕಾರಣಕ್ಕೆ ಒಂದು ವರ್ಷ ರಜೆ ತೆಗೆದುಕೊಳ್ಳಬಹುದು, ಆಗ ಕಟ್ಟಿದ ಹಣ ಮುಂದಿನ ವರ್ಷಕ್ಕೆ ಉಳಿಯುತ್ತದಂತೆ. ಬಿಡುವುದೋ, ರಜೆಯೋ? ಗಂಡ ಹೆಂಡತಿಯ ಮುಖ ನೋಡಿದ. ಕ್ರೀಮಕ್ಕ ಮಗಳ ಮುಖ ನೋಡಿದಳು.

"ದುಡ್ಡಿನ ಯೋಚನೆ ಬದಿಗಿಡು. ಮುಂದಿನ ವರ್ಷ ಆ ಕೋಣೆಗೆ ಹೋಗ್ತೀಯಾ?"

"ಇಲ್ಲ ಅಮ್ಮ. ವಾಸನೆ ಮುಂದಿನ ವರ್ಷವೂ ಇರುತ್ತೆ."

ಅಲ್ಲಿಗೆ ಬಿಡುವುದೇ ಎಂದಾಯಿತು. ಸೇರುವಾಗ ಕಟ್ಟಿದ ನೋಂದಣಿ ಶುಲ್ಕ ವಾಪಸಿಲ್ಲ. ಶಾಲೆಯಲ್ಲೇ ಕೊಂಡ ಬಣ್ಣಗಳಲ್ಲಿ ಮುಚ್ಚಳ ತೆಗೆದವೂ ವಾಪಸಿಲ್ಲ. ತೆಗೆಯದ ಪೆಟ್ಟಿಗೆಗೆ ಹಣ ಕೊಡುತ್ತಾರೆ. ಕಟ್ಟಿದ ಮೊದಲ ಕಂತು ಮೂರರಲ್ಲಿ ಒಂದು ಪಾಲು, ಶಾಲೆ ಇಟ್ಟುಕೊಳ್ಳುವುದು ನಾಲ್ಕರಲ್ಲಿ ಒಂದು ಪಾಲು. ಕೇಕು ಭಾಗ ಮಾಡುವ ಕ್ರೀಮಕ್ಕನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾಲ್ಕು ಮಾಡಿದ ತುಂಡು ಮೂರು ಮಾಡಿದ ತುಂಡಿಗಿಂತ ಸಣ್ಣದು. ನಡುವಿನ ವ್ಯತ್ಯಾಸ ಇವರಿಗೆ ಬರಬೇಕು. ಪತ್ರದ ನಕಲಿನ ಮೇಲೆ ಸೀಲು ಹಾಕಿಸಿಕೊಂಡಳು. ಮುಂದಿನ ಕಂತುಗಳನ್ನು ರದ್ದು ಮಾಡಿದ್ದೇವೆ ಎಂದು ಬರೆಸಿಕೊಂಡು, ಅದನ್ನು ಬ್ಯಾಂಕಿಗೂ ತೋರಿಸಿ ಬಂದಳು.

ಹಣ ಬರಲು ಕೆಲವು ವಾರ ಹಿಡಿಯಿತು. ಅಷ್ಟೂ ದಿನ ಗಂಡ, ಬರುವುದು ಸುಳ್ಳು ಎನ್ನುತ್ತಲೇ ಇದ್ದ. ಬಂದ ದಿನ ಫೋನನ್ನು ಎರಡು ಸಲ ನೋಡಿ, ವ್ಯಾನಿಗೆ ಕೇಕು ತುಂಬಿಸಲು ಹೋದ. ಕೈಬಿಟ್ಟು ಹೋದ ದುಡ್ಡು ಕಡಿಮೆಯೇನಲ್ಲ. ಮಗಳು ಮೊದಲ ಕೆಮ್ಮಿಗೇ ಬಾಯಿ ಬಿಟ್ಟಿದ್ದರೆ ಒಂದಷ್ಟು ಬಣ್ಣದ ದುಡ್ಡಾದರೂ ಉಳಿಯುತ್ತಿತ್ತು. ಆದರೆ ಉಳಿದೆರಡು ಕಂತಿನ ಹೊರೆ ಇಳಿದಿತ್ತು, ಹುಡುಗಿಯ ಉಸಿರಾಟವೂ ಸರಾಗವಾಗಿತ್ತು.

ಈಗ ಅವಳು ಪೆನ್ಸಿಲು, ಇದ್ದಿಲಿನ ಚಿತ್ರ ಕಲಿಸುವ ಸಂಜೆ ತರಗತಿಗೆ ಹೋಗುತ್ತಾಳೆ. ಸೇರಿಸಲು ಹೋದದ್ದು ಅಪ್ಪ. ಅಲ್ಲಿಯವರು ರಸೀದಿ ಪುಸ್ತಕ ತೆಗೆದರೆ, ಇವನು ದುಡ್ಡು ಕೈಯಲ್ಲೇ ಹಿಡಿದು, "ನಡುವೆ ಬಿಟ್ಟರೆ ಎಷ್ಟು ವಾಪಸ್ ಕೊಡ್ತೀರಿ? ಮೊದಲು ಅದನ್ನ ಬರೆದು ಕೊಡಿ" ಎಂದ. ಮಗಳು ನಾಚಿಕೆಯಿಂದ ಗೋಡೆಯ ಚಿತ್ರ ನೋಡುತ್ತಾ ನಿಂತಳು. ಬರೆದುಕೊಟ್ಟ ಮೇಲೆಯೇ ಅವನು ದುಡ್ಡು ಎಣಿಸಿದ್ದು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನೀವೂ ಹಾಗೇ ಕೇಳಿ. ಒಂದೊಂದು ಶಾಲೆಯ ಷರತ್ತು ಒಂದೊಂದು ಥರ ಇರುತ್ತದೆ. ಪಕ್ಕದ ಮನೆಯವರ ಮಾತಿಗಿಂತ ನಿಮ್ಮ ಕೈಯಲ್ಲಿರುವ ಹಾಳೆಯನ್ನು ನಂಬಿ. ಅರ್ಥವಾಗದಿದ್ದರೆ ಸಹಿ ಹಾಕುವ ಮೊದಲು ಇನ್ನೊಂದು ಸಲ ಕೇಳಲು ಸಂಕೋಚ ಬೇಡ. ಬಿಡಬೇಕಾಗಿ ಬಂದರೆ ಕಂತು ತಪ್ಪಿಸಿ ಸುಮ್ಮನಾಗಬೇಡಿ. ಅದೇ ದಿನ ಬರೆದು ಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಳ್ಳಿ. ಇದಕ್ಕೆಲ್ಲ ಮೊದಲು, ಇವತ್ತು ಸಂಜೆ ಮಗು ಮನೆಗೆ ಬಂದಾಗ ಪಕ್ಕ ಕೂರಿಸಿಕೊಂಡು, ಅಲ್ಲಿ ನಿನಗೆ ಹೇಗಿದೆ ಎಂದು ಕೇಳಿ. ಕಟ್ಟಿದ ಫೀಸಿನ ಭಯಕ್ಕೆ ಯಾವ ಮಗುವೂ ತನ್ನ ಕಷ್ಟ ನುಂಗಿಕೊಂಡು ಕೂರದಿರಲಿ.